ಮುತ್ತಜ್ಜನ ಕೋವಿಗೆ ಇಂದಿನ ತೋಟಾ ಹಾಕಬಹುದೇ?

ಸಕಲೇಶಪುರ ತಾಲ್ಲೂಕಿನ ಕಾಫಿ ಬೆಳೆಗಾರರೊಬ್ಬರ ಪ್ರಶ್ನೆ: ನಮ್ಮ ಮನೆಯಲ್ಲಿ ಮುತ್ತಜ್ಜನ ಕಾಲದ ಒಂದು ಜೋಡುನಳಿಗೆ ಕೋವಿ ಮತ್ತು ಒಂದು ಕೇಪಿನ ಕೋವಿ ಇವೆ. ಎರಡೂ 70 ವರ್ಷ ದಾಟಿದ ನಮ್ಮ ತಂದೆಯವರ ಪರವಾನಗಿಯಲ್ಲಿ ನಮೂದಾಗಿವೆ. ಈಚೆಗೆ ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಲ್ಲಿ ಕಾಗದದ ಕೋಶವಿರುವ ಹಳೆಯ ತೋಟಾಗಳೂ ಪೂರ್ತಿ ಹಿತ್ತಾಳೆಯ ಕೆಲವು ತೋಟಾಗಳೂ ಸಿಕ್ಕಿದವು. ಜೋಡುನಳಿಗೆ 12 ಬೋರಿನದೇ ಆದ್ದರಿಂದ ಅಂಗಡಿಯ ಹೊಸ ತೋಟಾ ಹಾಕಬಹುದೆಂದು ಕೆಲವರು ಹೇಳುತ್ತಾರೆ. ಇಷ್ಟು ಹಳೆಯ ಮಾದರಿಗೆ ಪರವಾನಗಿಯೇ ಬೇಡವೆಂದು ಇನ್ನು ಕೆಲವರು ಹೇಳುತ್ತಾರೆ. ಯಾವುದು ಸರಿ? ಇಂಥ ಕೋವಿಗಳು ಬಳಕೆ ತಪ್ಪಿದ್ದಾದರೂ ಏಕೆ? ನಳಿಗೆಯ ಚಿತ್ರಗಳನ್ನು ಕಳಿಸಿದ್ದೇನೆ.

ಉತ್ತರ: ನಿಮಗೆ ಸಿಕ್ಕಿರುವ ಎರಡು ಸಲಹೆಗಳೂ ತಪ್ಪು. ಎರಡನೆಯದನ್ನು ನಂಬಿದರೆ ಠಾಣೆ, ನ್ಯಾಯಾಲಯ ಎಂದು ಅಲೆಯಬೇಕಾದೀತು. ಮೊದಲನೆಯದನ್ನು ನಂಬಿದರೆ ನಳಿಗೆಯ ಕೆಳಗೆ ಹಿಡಿದಿರುವ ಎಡಗೈಯನ್ನೇ ಕಳೆದುಕೊಳ್ಳಬೇಕಾದೀತು. ಆದ್ದರಿಂದ ಈ ಉತ್ತರವನ್ನು ಪೂರ್ತಿ ಓದುವವರೆಗೆ, ಓದಿದ ಮೇಲೆಯೂ ಕೋವಿ ರಿಪೇರಿಯ ಪರವಾನಗಿ ಇರುವ ಕಸುಬುದಾರರೊಬ್ಬರು ಕೈಯಲ್ಲಿ ಹಿಡಿದು ಪರೀಕ್ಷಿಸುವವರೆಗೆ, ಎರಡು ಕೋವಿಗಳಿಗೂ ಏನನ್ನೂ ತುಂಬಬೇಡಿ.

ಕೋವಿ ಮತ್ತು ತೋಟಾ ಎರಡೂ ಸೇರಿ ಒಂದೇ ಯಂತ್ರ. ಒಂದು ಮಾದರಿ ಬಳಕೆ ತಪ್ಪಿತೆಂದರೆ ಸಾಮಾನ್ಯವಾಗಿ ಆ ಜೋಡಿಯಲ್ಲಿ ತೋಟಾ ಮೊದಲು ಮಾಯವಾಗಿರುತ್ತದೆ, ಕೋವಿ ಮಾತ್ರ ಮನೆಯಲ್ಲಿ ಉಳಿದಿರುತ್ತದೆ. ಆ ಒಂಟಿ ಕೋವಿಯೊಳಗೆ ಬೇರೊಂದು ಕಾಲದ ತೋಟಾ ಸಲೀಸಾಗಿ ಕೂತುಬಿಡುವುದರಿಂದಲೇ ಅಪಾಯ ಹುಟ್ಟುತ್ತದೆ. ‘12 ಬೋರ್’ ಎಂಬ ಹೆಸರು ಹೇಳುವುದು ನಳಿಗೆಯ ಒಳ ಅಗಲವನ್ನಷ್ಟೆ: ಒಂದು ಪೌಂಡ್ ಸೀಸವನ್ನು 12 ಸಮನಾದ ಗುಂಡುಗಳಾಗಿ ಎರಕ ಹೊಯ್ದರೆ ಅವುಗಳಲ್ಲೊಂದು ಸರಿಯಾಗಿ ಹಿಡಿಸುವ ನಳಿಗೆ 12 ಬೋರಿನದು, ಅಂದರೆ ಸುಮಾರು 18.5 ಮಿ.ಮೀ. ಆ ನಳಿಗೆ ಯಾವ ಲೋಹದ್ದು, ಅದರ ಗೋಡೆ ಎಷ್ಟು ದಪ್ಪವಿದೆ, ತೋಟಾ ಕೂರುವ ಚೇಂಬರ್ ಎಷ್ಟು ಉದ್ದವಿದೆ, ಯಾವ ಮದ್ದಿಗೆಂದು ಅದನ್ನು ಪರೀಕ್ಷಿಸಿದ್ದರು ಎಂಬ ಯಾವ ಪ್ರಶ್ನೆಗೂ ಆ ಸಂಖ್ಯೆಯಲ್ಲಿ ಉತ್ತರವಿಲ್ಲ.

ಬಳಕೆ ತಪ್ಪಿದ ಕಾರಣವನ್ನು ತಿಳಿಯಲು ಕೇಪಿನ ಕೋವಿಗಿಂತ ಹಿಂದಕ್ಕೆ ಹೋಗಬೇಕು. ಬತ್ತಿಕೋವಿಯಲ್ಲಿ ಉರಿಯುತ್ತಿರುವ ಬತ್ತಿಯನ್ನು ಮದ್ದಿಗೆ ತಾಗಿಸಬೇಕಿತ್ತು. ಚಕಮಕಿ ಕೋವಿಯಲ್ಲಿ ಕಲ್ಲು ಉಕ್ಕಿಗೆ ಉಜ್ಜಿ ಹಾರುವ ಕಿಡಿ ಹೊರಗಿನ ಪುಟ್ಟ ಬಟ್ಟಲಿನಲ್ಲಿದ್ದ ಮದ್ದನ್ನು ಹೊತ್ತಿಸಿ, ಆ ಉರಿ ಸಣ್ಣ ತೂತಿನ ಮೂಲಕ ಒಳಗಿನ ಮದ್ದಿಗೆ ದಾಟಬೇಕಿತ್ತು. ಎರಡರಲ್ಲಿಯೂ ಮದ್ದು ಗಾಳಿಗೆ ತೆರೆದುಕೊಂಡಿರುತ್ತಿದ್ದುದರಿಂದ, ನಮ್ಮ ಮಲೆನಾಡಿನ ಆಷಾಢದ ಮಳೆಯಲ್ಲಿ ಅವು ಎಷ್ಟರಮಟ್ಟಿಗೆ ಕೆಲಸಕ್ಕೆ ಬಂದಾವೆಂದು ನೀವೇ ಊಹಿಸಬಹುದು. ಟಿಪ್ಪು ಸುಲ್ತಾನ 1792ರಲ್ಲಿ ನಿಮ್ಮೂರಿನ ಬಳಿ ಮುಗಿಸಿದ ಮಂಜರಾಬಾದ್ ಕೋಟೆಯ ನೆಲದಡಿಯ ಮದ್ದಿನ ಕೋಣೆಗಳನ್ನು ನೋಡಿದ್ದೀರಲ್ಲವೇ? ಸಡಿಲ ಮದ್ದನ್ನು ಮಳೆ ಮತ್ತು ಕಿಡಿ ಎರಡರಿಂದಲೂ ಕಾಪಾಡುವುದು ಆ ಕಾಲದ ಸೈನ್ಯಕ್ಕೆ ಎಷ್ಟು ದೊಡ್ಡ ಚಿಂತೆಯಾಗಿತ್ತು ಎಂಬುದು ಅಲ್ಲಿ ನಿಂತರೆ ತಿಳಿಯುತ್ತದೆ.

ಆ ಚಿಂತೆಯ ಅರ್ಧವನ್ನು ಕಳೆದದ್ದು ಕೇಪು. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್ ಹಕ್ಕಿ ಬೇಟೆಗಾರರೂ ಆಗಿದ್ದರು. ಚಕಮಕಿಯ ಬಟ್ಟಲು ಭಗ್ಗೆಂದು ಹೊತ್ತಿಕೊಂಡ ಬೆಳಕು ಕಂಡೇ, ಚರೆ (ಸೀಸದ ಸಣ್ಣ ಗುಂಡುಗಳು) ತಲುಪುವ ಮೊದಲು ಹಕ್ಕಿಗಳು ಹಾರಿಹೋಗುತ್ತಿದ್ದುದು ಅವರನ್ನು ಕಾಡುತ್ತಿತ್ತು. ಪೆಟ್ಟು ಬಿದ್ದೊಡನೆ ಸಿಡಿಯುವ ರಾಸಾಯನಿಕವನ್ನು ಬಳಸುವ ವಿಧಾನಕ್ಕೆ ಅವರು 1807ರಲ್ಲಿ ಪೇಟೆಂಟ್ ಪಡೆದರು. ಆ ರಾಸಾಯನಿಕವನ್ನು ತಾಮ್ರದ ಪುಟ್ಟ ಟೋಪಿಯೊಳಗೆ ಹಾಕಿದ ಕೇಪು ಮುಂದಿನ ದಶಕಗಳಲ್ಲಿ ಬಂದಿತು, 1840ರ ಹೊತ್ತಿಗೆ ಬ್ರಿಟಿಷ್ ಸೈನ್ಯವೂ ಚಕಮಕಿಯನ್ನು ಕೈಬಿಡತೊಡಗಿತ್ತು. ಆದರೆ ನಳಿಗೆಯ ಬಾಯಿಯಿಂದ ಮದ್ದು ಸುರಿದು, ಗಜವೆಂಬ ಕೋಲಿನಿಂದ ಜಡಿದು ತುಂಬುವ ಕೆಲಸ ಹಾಗೆಯೇ ಉಳಿಯಿತು. ಅದನ್ನು ಕಳೆದದ್ದು ತೋಟಾ: ಮದ್ದು, ಚರೆ, ಕೇಪು ಮೂರನ್ನೂ ಒಂದೇ ಕೋಶದಲ್ಲಿ ಮುಚ್ಚಿ, ಹಿಂದಿನಿಂದ ತುಂಬುವ ವ್ಯವಸ್ಥೆ. ಮೊದಲ ಯಶಸ್ವಿ ತೋಟಾಗಳಲ್ಲೊಂದಾದ ಫ್ರಾನ್ಸಿನ ಲೆಫೋಶೋ ಮಾದರಿಯಲ್ಲಿ ಕೋಶದ ಪಕ್ಕದಿಂದ ಒಂದು ಮೊಳೆ ಹೊರಚಾಚಿರುತ್ತಿತ್ತು, ಕುದುರೆ, ಅಂದರೆ ಟ್ರಿಗರ್ ಎಳೆದಾಗ ಬಡಿಯುವ ಸುತ್ತಿಗೆ, ಆ ಮೊಳೆಯ ಮೇಲೆ ಬೀಳುತ್ತಿತ್ತು. ಜೇಬಿನಲ್ಲಿಟ್ಟ ತೋಟಾದ ಮೊಳೆಗೆ ಪೆಟ್ಟು ಬಿದ್ದರೂ ಅದು ಸಿಡಿಯಬಹುದಾಗಿತ್ತು. ಕೋಶದ ಬುಡದ ನಡುವೆ ಕೇಪು ಇಡುವ ಮಾದರಿ 1860ರ ದಶಕದಲ್ಲಿ ಗಟ್ಟಿಯಾದ ಮೇಲೆ ಮೊಳೆಯ ತೋಟಾ ಹಿಂದೆ ಬಿದ್ದಿತು. ನಿಮ್ಮ ಜೋಡುನಳಿಗೆಯೂ ಅದರ ಪೆಟ್ಟಿಗೆಯ ತೋಟಾಗಳೂ ಈ ನಡುಕೇಪಿನ ವಂಶದವು.

ಸೈನ್ಯದ ಬಂದೂಕುಗಳ ಕಥೆಯನ್ನು ಇಲ್ಲಿ ಚಿಕ್ಕದಾಗಿ ಮುಗಿಸುತ್ತೇನೆ. ಕಾಗದದ ತೋಟಾವನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಾಗಿದ್ದ 1853ರ .577 ಎನ್‌ಫೀಲ್ಡ್ (ಇಂಥ ಅಂಕಿಗಳು ನಳಿಗೆಯ ಅಗಲವನ್ನು ಇಂಚಿನಲ್ಲಿ ಹೇಳುತ್ತವೆ), 1857ರ ದಂಗೆಯ ಸಂದರ್ಭದಲ್ಲಿ ಹೆಸರಾದದ್ದು ಎಲ್ಲರಿಗೂ ಗೊತ್ತು. ಅದೇ ಬಂದೂಕಿನ ಹಿಂಭಾಗವನ್ನು ಕತ್ತರಿಸಿ 1866ರಲ್ಲಿ ಸ್ನೈಡರ್ ಮಾಡಿದರು, 1871ರಲ್ಲಿ ಮಾರ್ಟಿನಿ-ಹೆನ್ರಿ ಬಂದಿತು, 1888ರಲ್ಲಿ.303 ಲೀ-ಮೆಟ್‌ಫೋರ್ಡ್. ನಲವತ್ತು ವರ್ಷವೂ ತುಂಬದೊಳಗೆ ನಾಲ್ಕು ಮಾದರಿ, ನಾಲ್ಕು ಬಗೆಯ ತೋಟಾ. 1857ರ ಅನುಭವದ ನಂತರ ಬ್ರಿಟಿಷರು ಭಾರತೀಯ ಸಿಪಾಯಿಗಳ ಕೈಗೆ ಬಹುಕಾಲ ಒಂದು ತಲೆಮಾರು ಹಿಂದಿನ ಬಂದೂಕನ್ನೇ ಕೊಡುತ್ತಿದ್ದರು. ಗೋರಾ ಸೈನಿಕರ ಬಳಿ ಮಾರ್ಟಿನಿ ಇದ್ದಾಗ ಇವರ ಬಳಿ ಸ್ನೈಡರ್ ಇತ್ತು. ಸೈನ್ಯಕ್ಕೆ ಬೇಡವಾದವು ಪೊಲೀಸರಿಗೆ, ಕಾವಲುಗಾರರಿಗೆ ಇಳಿದವು. ಇಶಾಪುರದ ಕಾರ್ಖಾನೆಯಲ್ಲಿ .303 ಬಂದೂಕುಗಳನ್ನೇ ಒಂಟಿ ಈಡಿನ .410 ಮಸ್ಕೆಟ್‌ಗಳಾಗಿ ಮಾರ್ಪಡಿಸಿದ್ದೂ ಇಂಥ ಬಳಕೆಗಾಗಿಯೇ. ಅದರ ತೋಟಾವನ್ನು .303ರ ಕೋಶದಿಂದ ಮಾಡುತ್ತಿದ್ದರು. ಬೇಟೆ ಕೋವಿಯ ಮಾಮೂಲಿ.410ಕ್ಕೂ ಅದಕ್ಕೂ ಹೆಸರು ಒಂದೇ, ಅಳತೆ ಬೇರೆ.

ತಂತ್ರಜ್ಞಾನದಿಂದಲ್ಲದೆ ಬರಿಯ ಕಾನೂನಿನಿಂದ ಸತ್ತ ತೋಟಾಗಳೂ ಇವೆ, ಇದು ನಮ್ಮ ದೇಶದ ವಿಶೇಷ. ಮಾರ್ಟಿನಿಯ .450 ಗುಂಡು ಬಂಡುಕೋರರ ಕೈ ಸೇರುತ್ತದೆಂಬ ಭಯದಿಂದ ಬ್ರಿಟಿಷ್ ಸರ್ಕಾರ 20ನೆಯ ಶತಮಾನದ ಮೊದಲ ದಶಕದಲ್ಲಿ ಆ ಅಳತೆಯ ಖಾಸಗಿ ರೈಫಲ್‌ಗಳು ಭಾರತಕ್ಕೆ ಬರುವುದನ್ನೇ ನಿಷೇಧಿಸಿತು. ಆಗ ಆನೆ, ಕಾಟಿಗಳ ಬೇಟೆಗೆ ಹೆಸರಾಗಿದ್ದ .450 ನೈಟ್ರೋ ಎಕ್ಸ್‌ಪ್ರೆಸ್ ತನ್ನ ದೊಡ್ಡ ಮಾರುಕಟ್ಟೆಯನ್ನು ಕಳೆದುಕೊಂಡಿತು, ಅದರ ಜಾಗ ತುಂಬಲೆಂದೇ .465, .470, .475ರಂಥ ಹೊಸ ಅಳತೆಗಳು ಹುಟ್ಟಿದವು. .450ರಲ್ಲಿ ಯಾವ ದೋಷವೂ ಇರಲಿಲ್ಲ. ಇದಕ್ಕೆ ತೀರ ಎದುರಾದ ಉದಾಹರಣೆ ಇಂದಿಗೂ ನಮ್ಮ ಅಂಗಡಿಗಳಲ್ಲಿದೆ. .303 ಈಗ ಖಾಸಗಿಯವರಿಗೆ ನಿಷೇಧಿತ ಬೋರ್ ಆದ್ದರಿಂದ, ಪರವಾನಗಿದಾರರಿಗೆ ಸಿಗುವ ದೇಶೀ ರೈಫಲ್ .315 ಆಗಿದೆ. ಈ .315 ಬೇರೇನೂ ಅಲ್ಲ, 19ನೆಯ ಶತಮಾನದ ಕೊನೆಯಲ್ಲಿ ಆಸ್ಟ್ರಿಯಾ ಸೈನ್ಯ ಬಳಸುತ್ತಿದ್ದ 8 ಮಿ.ಮೀ. ಮಾನ್‌ಲಿಶರ್ ತೋಟಾ. ಅದನ್ನು ಹುಟ್ಟಿಸಿದ ಸೈನ್ಯ ಕೈಬಿಟ್ಟು ಬಹುಕಾಲವಾಯಿತು. ನಮ್ಮ ಕಾರ್ಖಾನೆ ತಯಾರಿಸುತ್ತಿರುವುದರಿಂದ ನಮ್ಮಲ್ಲಿ ಅದು ಬದುಕಿದೆ. ಹಾಗಾಗಿ ಒಂದು ತೋಟಾ ಬಳಕೆ ತಪ್ಪಿದ್ದೋ ಅಲ್ಲವೋ ಎಂದು ಅದರ ವಯಸ್ಸನ್ನು ನೋಡಿ ತೀರ್ಮಾನಿಸಲಾಗದು.

ಇನ್ನು ನಿಮ್ಮ ಜೋಡುನಳಿಗೆ. ನೀವು ಕಳಿಸಿದ ಚಿತ್ರಗಳಲ್ಲಿ ಬಹಳ ಬೆಲೆಯುಳ್ಳದ್ದು ನಳಿಗೆಗಳನ್ನು ಬಿಚ್ಚಿ, ಅವುಗಳ ಬುಡದ ಚಪ್ಪಟೆ ತಳವನ್ನು ತೋರಿಸುವ ಚಿತ್ರ. ಅಲ್ಲಿ ಪ್ರತಿ ನಳಿಗೆಯ ಮೇಲೂ ಕಿರೀಟದ ಕೆಳಗೆ ಎರಡು ರಾಜದಂಡಗಳು ಅಡ್ಡಹಾಯ್ದಿರುವ ಎರಡು ಮುದ್ರೆಗಳಿವೆ. ಒಂದರಲ್ಲಿ ‘ವಿ’, ಇನ್ನೊಂದರಲ್ಲಿ ‘ಬಿಪಿಸಿ’ ಎಂಬ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಇವು 1813ರಲ್ಲಿ ಸ್ಥಾಪನೆಯಾದ ಬರ್ಮಿಂಗ್‌ಹ್ಯಾಮ್ ಕೋವಿ ಪರೀಕ್ಷಾಲಯದ ಮುದ್ರೆಗಳು, 1904ರಲ್ಲಿ ಬದಲಾದವು. ಅವುಗಳ ಪಕ್ಕದಲ್ಲಿ ವಜ್ರಾಕಾರದೊಳಗೆ 12 ಎಂಬ ಅಂಕಿ, ಅದರ ಕೆಳಗೆ ‘ಸಿ’ ಎಂಬ ಅಕ್ಷರವಿದೆ; ಈ ಗುರುತು 1887ರಲ್ಲಿ ಆರಂಭವಾಯಿತು. ಎಂದರೆ ನಿಮ್ಮ ಕೋವಿ 1887 ಮತ್ತು 1904ರ ನಡುವೆ ಪರೀಕ್ಷೆಗೊಂಡದ್ದು. ಹೊಗೆಯಿಲ್ಲದ ಮದ್ದಿಗೆ ಪರೀಕ್ಷಿಸಿದ ಗುರುತಾದ ಕಿರೀಟದಡಿಯ ‘ಎನ್‌ಪಿ’ ಆಗಲಿ, ‘ನೈಟ್ರೋ ಪ್ರೂಫ್’ ಎಂಬ ಬರಹವಾಗಲಿ ಎಲ್ಲಿಯೂ ಇಲ್ಲ. ಇದು ಹಳೆಯ ಕಾಲದ, ಹೊಗೆ ಕಾರುವ ಕರಿಮದ್ದಿನ ಕೋವಿ. ಪೌಲ್ ವಿಯೆಯ್ ಫ್ರಾನ್ಸಿನಲ್ಲಿ 1884ರಲ್ಲಿ ಹೊಗೆಯಿಲ್ಲದ ಮದ್ದನ್ನು ರೂಪಿಸಿದ್ದರೂ, ಬ್ರಿಟನ್ನಿನಲ್ಲಿ 1889ರಲ್ಲಿ ಅದೇ ಬಗೆಯ ಕಾರ್ಡೈಟ್ ಬಂದಿದ್ದರೂ, ನಿಮ್ಮ ಕೋವಿಯನ್ನು ಅಂಥ ಮದ್ದಿಗೆಂದು ಯಾರೂ ಪರೀಕ್ಷಿಸಿದ ಗುರುತಿಲ್ಲ.

ಇದು ಏಕೆ ಮುಖ್ಯವೆಂದರೆ ಎರಡು ಮದ್ದುಗಳು ಉರಿಯುವ ರೀತಿಯೇ ಬೇರೆ. ಕರಿಮದ್ದು ಬಯಲಿನಲ್ಲಿಯೂ ಭಗ್ಗೆಂದು ಉರಿಯುತ್ತದೆ, ಮುಚ್ಚಿದ ಜಾಗದಲ್ಲಿ ಅದರ ವೇಗ ವಿಪರೀತವಾಗಿ ಬದಲಾಗುವುದಿಲ್ಲ. ಹೊಗೆಯಿಲ್ಲದ ಮದ್ದು ಒತ್ತಡ ಹೆಚ್ಚಿದಷ್ಟೂ ಬೇಗ ಉರಿಯುತ್ತದೆ, ಬೇಗ ಉರಿದಷ್ಟೂ ಒತ್ತಡ ಮತ್ತೆ ಹೆಚ್ಚುತ್ತದೆ. ದಾರಿಯಲ್ಲಿ ಸ್ವಲ್ಪ ಇಕ್ಕಟ್ಟಾದರೂ ಅದು ಲೆಕ್ಕ ಮೀರುತ್ತದೆ. ಆ ಇಕ್ಕಟ್ಟು ನಿಮ್ಮ ಕೋವಿಯಲ್ಲಿ ಇರುವ ಸಾಧ್ಯತೆ ಬಹಳ. ಆ ಕಾಲದ 12 ಬೋರಿನ ಚೇಂಬರ್ ಸಾಮಾನ್ಯವಾಗಿ ಎರಡೂವರೆ ಇಂಚು, ಅಂದರೆ ಸುಮಾರು 65 ಮಿ.ಮೀ. ಇರುತ್ತಿತ್ತು. ವಜ್ರದೊಳಗಿನ ‘ಸಿ’ ಹೇಳುವುದು ಚೇಂಬರ್ ಮೂರು ಇಂಚಿಗಿಂತ ಗಿಡ್ಡ ಎಂಬುದನ್ನಷ್ಟೆ. ಇಂದಿನ ತೋಟಾದ ಪೊಟ್ಟಣದ ಮೇಲೆ 70 ಮಿ.ಮೀ. ಎಂದು ಬರೆದಿದ್ದರೆ ಅದು ಈಡು ಹಾರಿದ ಮೇಲಿನ ಉದ್ದ. ಹಾರುವ ಮೊದಲು ಅದರ ಬಾಯಿ ಒಳಕ್ಕೆ ಮಡಚಿರುವುದರಿಂದ 60 ಮಿ.ಮೀ. ಆಸುಪಾಸಿನಲ್ಲಿರುತ್ತದೆ, 65ರ ಚೇಂಬರಿನೊಳಗೆ ತಡೆಯಿಲ್ಲದೆ ಕೂರುತ್ತದೆ, ಕೋವಿ ಸರಾಗವಾಗಿ ಮುಚ್ಚಿಕೊಳ್ಳುತ್ತದೆ. ಟ್ರಿಗರ್ ಎಳೆದಾಗ ಮಾತ್ರ ಆ ಮಡಿಕೆ ಬಿಚ್ಚಿಕೊಂಡು ಚೇಂಬರಿನಾಚೆಯ ಕಿರಿದಾದ ಕೊರಳಿಗೆ ಚಾಚುತ್ತದೆ, ಚರೆ ಹಾಯಬೇಕಾದ ದಾರಿಯನ್ನೇ ಇಕ್ಕಟ್ಟು ಮಾಡುತ್ತದೆ. ನಿಮಗೆ ಸಲಹೆ ಕೊಟ್ಟವರು ‘ಹಾಕಿ ನೋಡಿದೆವು, ಸರಿಯಾಗಿ ಕೂತಿತು’ ಎಂದು ಹೇಳಿದ್ದರೆ ಅವರು ಸುಳ್ಳು ಹೇಳಿಲ್ಲ. ಕೂರುವುದಕ್ಕೂ ಹೊಂದುವುದಕ್ಕೂ ನಡುವೆ ಈ ಐದು ಮಿಲಿಮೀಟರ್‌ಗಳಿವೆ.

ಮೂರನೆಯ ಅಂಶ ಲೋಹ. ನಿಮ್ಮ ನಳಿಗೆಯ ಮೇಲೆ ಕಂದು ಮತ್ತು ಬಿಳಿಯ ಸುರುಳಿಸುರುಳಿ ಗೆರೆಗಳು ಕಾಣುತ್ತಿವೆ. ಇದು ಡಮಾಸ್ಕಸ್ ನಳಿಗೆ. ಕಬ್ಬಿಣ ಮತ್ತು ಉಕ್ಕಿನ ಸರಳುಗಳನ್ನು ಕಾಯಿಸಿ ಹುರಿಮಾಡಿ, ಆ ಪಟ್ಟಿಯನ್ನು ಸಲಾಕೆಯೊಂದರ ಮೇಲೆ ಸುತ್ತಿ, ಸುತ್ತುಗಳನ್ನು ಬಡಿದು ಬೆಸೆದು ನಳಿಗೆ ಮಾಡುತ್ತಿದ್ದರು. ಗೆರೆಗಳು ಆ ಬೆಸುಗೆಯವೇ. ಕೈಕೆಲಸವಾಗಿ ಅದು ಅದ್ಭುತ, ಅದನ್ನು ಹಾಳುಮಾಡಬಾರದೆಂಬುದು ನನ್ನ ಮನಃಪೂರ್ವಕ ಕೋರಿಕೆ. ಡಮಾಸ್ಕಸ್ ಎಂದ ಮಾತ್ರಕ್ಕೆ ಎಲ್ಲವೂ ಸಿಡಿಯುತ್ತವೆ ಎಂಬುದೂ ಸರಿಯಲ್ಲ, ಹೊಸದಾಗಿ ಪರೀಕ್ಷೆಗೆ ಒಡ್ಡಿದಾಗ ಉತ್ತೀರ್ಣವಾದವೂ ಇವೆ. ಆದರೆ ಪ್ರತಿ ಬೆಸುಗೆಯೂ ತುಕ್ಕು ಒಳನುಗ್ಗಬಹುದಾದ ಸಂದು. ಕರಿಮದ್ದಿನ ಮಸಿಯಲ್ಲಿ ಉಳಿಯುವ ಲವಣಗಳು ಗಾಳಿಯ ತೇವವನ್ನು ಹೀರುತ್ತವೆ. ನಮ್ಮ ಸೀಮೆಯ ನಾಲ್ಕು ತಿಂಗಳ ಮಳೆಯಲ್ಲಿ, ಸರಿಯಾಗಿ ತೊಳೆಯದೆ ಚರ್ಮದ ಚೀಲದಲ್ಲಿ ಇಟ್ಟ ಕೋವಿಯ ಒಳಗೋಡೆ ಸಿಡುಬು ಬಂದಂತೆ ಗುಳಿಬೀಳುತ್ತದೆ. ಆ ಗುಳಿಗಳನ್ನು ಕಾಣದಂತೆ ಮಾಡಲು ಯಾರಾದರೂ ಹಿಂದೆ ಒಳಗೋಡೆಯನ್ನು ಕೆರೆದು ಹೊಳಪಿಸಿದ್ದರೆ ನೋಟಕ್ಕೆ ನಳಿಗೆ ಕನ್ನಡಿಯಾಗಿರುತ್ತದೆ, ಗೋಡೆ ಮಾತ್ರ ತೆಳುವಾಗಿರುತ್ತದೆ. ಒಳ ಅಗಲವನ್ನೂ ಗೋಡೆಯ ದಪ್ಪವನ್ನೂ ಅಳತೆಗೋಲಿನಿಂದ ಹಲವು ಕಡೆ ನೋಡದೆ, ಬರಿಯ ಬೆಳಕಿಗೆ ಹಿಡಿದು ‘ಚೆನ್ನಾಗಿದೆ’ ಎನ್ನುವವರ ಮಾತನ್ನು ಒಪ್ಪಬೇಡಿ. ಪುಣೆ ಬಳಿಯ ಖಡ್ಕಿ ಕಾರ್ಖಾನೆಯ ಶಕ್ತಿಮಾನ್ ತೋಟಾವಾಗಲಿ, ಆಮದಾದ ಇನ್ನಾವುದೇ ಆಗಲಿ, ಹೊಗೆಯಿಲ್ಲದ ಮದ್ದಿನ ಯಾವ ತೋಟಾವನ್ನೂ ಈ ಕೋವಿಗೆ ಹಾಕಬೇಡಿ ಎಂಬುದು ನನ್ನ ನಿಶ್ಚಿತ ಅಭಿಪ್ರಾಯ.

ಪೆಟ್ಟಿಗೆಯಲ್ಲಿ ಸಿಕ್ಕ ತೋಟಾಗಳು ಈ ಕೋವಿಯ ಕಾಲದವೇ ಎಂದುಕೊಂಡು ಅವನ್ನು ಬಳಸಲೂ ಹೋಗಬೇಡಿ. ಕಾಗದದ ಕೋಶ ತೇವಕ್ಕೆ ಊದಿಕೊಂಡು ಚೇಂಬರಿನಲ್ಲಿ ಸಿಕ್ಕಿಕೊಳ್ಳುತ್ತದೆ. ಹಿತ್ತಾಳೆಯ ಕೋಶ ವರ್ಷಗಳು ಕಳೆದಂತೆ ಪೆಡಸಾಗಿ ಬಿರುಕು ಬಿಡುತ್ತದೆ. ಕೇಪು ಕೆಟ್ಟಿದ್ದರೆ ಪೆಟ್ಟು ಬಿದ್ದು ಒಂದೆರಡು ಕ್ಷಣ ಕಳೆದ ಮೇಲೆ, ಕೋವಿ ಮಡಚಿ ನೋಡುತ್ತಿರುವಾಗ ಹಾರಬಹುದು. ಬುಡದ ಮೇಲೆ ಈಲಿ, ಕೈನಾಕ್ ಎಂಬ ಹೆಸರುಗಳಿದ್ದರೆ ಸಂಗ್ರಹಕಾರರಿಗೆ ಆಸಕ್ತಿಯಿರಬಹುದು, ಆದರೆ ಪರವಾನಗಿಯಿಲ್ಲದವರ ಕೈಗೆ ಕೊಟ್ಟರೆ ಕೊಟ್ಟವರೂ ಪಡೆದವರೂ ಅಪರಾಧಿಗಳಾಗುತ್ತಾರೆ. ಬಿಚ್ಚಿ ಚರೆ ತೆಗೆಯುವುದು, ಒಲೆಗೆ ಹಾಕುವುದು, ಕೆರೆಗೆ ಎಸೆಯುವುದು ಯಾವುದೂ ಬೇಡ. ಖಾಲಿ ಕೋಶಗಳನ್ನೂ ಸೇರಿಸಿ ಪಟ್ಟಿ ಮಾಡಿ, ನಿಮ್ಮ ತಂದೆಯವರ ಸಹಿಯ ಪತ್ರದೊಡನೆ ಮೊದಲು ಠಾಣೆಗೆ ವಿಷಯ ತಿಳಿಸಿ, ಅವರು ಹೇಳಿದಂತೆ ಒಪ್ಪಿಸಿ ಸ್ವೀಕೃತಿ ಪಡೆಯಿರಿ.

ಕೇಪಿನ ಕೋವಿಯ ವಿಷಯದಲ್ಲಿ ನನ್ನ ಮೊದಲ ಆತಂಕ ಬೇರೆ: ಅದು ತುಂಬಿದ ಸ್ಥಿತಿಯಲ್ಲಿಯೇ ಇರಬಹುದು. ತೋಟಾ ಕೋವಿಯನ್ನು ಮಡಚಿದರೆ ಒಳಗಿರುವುದು ಕಾಣುತ್ತದೆ, ಕೇಪಿನ ಕೋವಿಯಲ್ಲಿ ಕಾಣುವುದಿಲ್ಲ. ರಾತ್ರಿ ಹಂದಿ ಕಾಯಲು ತುಂಬಿಟ್ಟು, ಈಡು ಹೊಡೆಯದೆ ಮೂಲೆಗೆ ಒರಗಿಸಿದ ಕೋವಿಯಲ್ಲಿ ಮದ್ದು ದಶಕಗಳ ನಂತರವೂ ಸಿಡಿಯಬಲ್ಲದು. ಕುದುರೆಯ ಕೆಳಗೆ ಕೇಪು ಇಲ್ಲದಿರುವುದನ್ನು ನೋಡಿಕೊಂಡು, ನಳಿಗೆಯ ಬಾಯಿಗೆ ನಿಮ್ಮ ಮೈ ಅಡ್ಡವಾಗದಂತೆ ಪಕ್ಕದಲ್ಲಿ ನಿಂತು, ಒಂದು ಮರದ ಕೋಲನ್ನು ಮೆಲ್ಲಗೆ ಒಳಗಿಳಿಸಿ ಬಾಯಿಯ ಮಟ್ಟಕ್ಕೆ ಗುರುತು ಹಾಕಿ. ಕೋಲನ್ನು ಹೊರತೆಗೆದು ನಳಿಗೆಯ ಪಕ್ಕದಲ್ಲಿ ಹಿಡಿದು ನೋಡಿದಾಗ ಅದರ ತುದಿ ಕೇಪು ಕೂರುವ ಜಾಗದ ಹತ್ತಿರಕ್ಕೆ ಬಂದರೆ ಒಳಗೆ ಖಾಲಿ; ಎರಡು ಮೂರು ಇಂಚು ಮುಂಚೆಯೇ ನಿಂತರೆ ಒಳಗೆ ಏನೋ ಇದೆ. ಹಾಗಿದ್ದರೆ ಅದನ್ನು ತೆಗೆಯುವ ಪ್ರಯತ್ನ ಮನೆಯಲ್ಲಿ ಬೇಡ, ಕುದುರೆಯನ್ನು ಮುಟ್ಟದೆ ಕಸುಬುದಾರರನ್ನೇ ಕರೆಸಿ.

ಕೊನೆಯದಾಗಿ ಪರವಾನಗಿ. 1959ರ ಶಸ್ತ್ರ ಕಾಯ್ದೆಯ 45ನೆಯ ಕಲಮು ಬಳಕೆ ತಪ್ಪಿದ ಮಾದರಿಯ, ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧಗಳಿಗೆ ವಿನಾಯಿತಿ ಕೊಡುತ್ತದೆ ನಿಜ, ಆದರೆ ರಿಪೇರಿ ಮಾಡಿದರೂ ಮಾಡದಿದ್ದರೂ ಅವು ಹಾರುವ ಸ್ಥಿತಿಯಲ್ಲಿರಬಾರದು ಎಂಬ ಷರತ್ತು ಅದರೊಡನೆಯೇ ಇದೆ. ನಿಮ್ಮ ಎರಡೂ ಕೋವಿಗಳು ಹಾರಬಲ್ಲವು, ಆದ್ದರಿಂದ ವಿನಾಯಿತಿ ಅನ್ವಯಿಸುವುದಿಲ್ಲ. ಕೇಪಿನ ಕೋವಿಯನ್ನು ಕಾನೂನು ಮರೆತಿಲ್ಲ. ಬೆಳೆ ರಕ್ಷಣೆಗೆ ಬಾಯಿಯಿಂದ ತುಂಬುವ ಕೋವಿ ಎಂದು 13ನೆಯ ಕಲಮಿನಲ್ಲಿ ಅದರ ಹೆಸರು ಹೇಳಿಯೇ ಪರವಾನಗಿಗೆ ಅವಕಾಶ ಕೊಟ್ಟಿದೆ. ಕೊಡಗಿನವರಿಗಿರುವ ವಿಶೇಷ ವಿನಾಯಿತಿಯನ್ನು ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ತಮಗೂ ಅನ್ವಯವೆಂದು ಭಾವಿಸುವವರಿದ್ದಾರೆ, ಅದು ತಪ್ಪು ತಿಳಿವಳಿಕೆ. ನಿಮ್ಮ ತಂದೆಯವರಿಗೆ 70 ದಾಟಿರುವುದರಿಂದ, 2016ರ ಶಸ್ತ್ರ ನಿಯಮಗಳ ಪ್ರಕಾರ ಅವರು ಇರುವಾಗಲೇ ಕೋವಿಗಳನ್ನು ನಿಮ್ಮ ಹೆಸರಿಗೆ ವರ್ಗಾಯಿಸಲು ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಹಾಕಬಹುದು. 2019ರ ತಿದ್ದುಪಡಿಯಿಂದ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಕೋವಿ ಇರುವಂತಿಲ್ಲ, ವಂಶಪಾರಂಪರ್ಯವಾಗಿ ಬಂದದ್ದೂ ಈ ಲೆಕ್ಕಕ್ಕೇ ಸೇರುತ್ತದೆ. ನಿಮ್ಮ ಹೆಸರಿನಲ್ಲಿ ಈಗಾಗಲೇ ಒಂದು ಇದ್ದರೆ, ಈ ಎರಡರಲ್ಲಿ ಒಂದನ್ನು ಮನೆಯ ಇನ್ನೊಬ್ಬ ವಾರಸುದಾರರ ಹೆಸರಿಗೆ ಕೇಳಿ ಅರ್ಜಿ ಸಿದ್ಧಪಡಿಸಿ.